ಒಂದೊಂದೇ ನೋಡಿದರೆ ಮಿತಿಯೊಳಗೆ, ಒಟ್ಟಿಗೆ ನೋಡಿದರೆ? ನೀರಿನ ಕೂಡುವಿಷ ಅಳೆಯುವ ಸಮಗ್ರ ಮಾರ್ಗದರ್ಶಿ

ಮಳೆ ಶುರುವಾಗುವ ಮೊದಲು ಮೂಡಿಗೆರೆ, ಬಾಳೆಹೊನ್ನೂರು ಕಡೆ ಹೋದರೆ ಕಾಫಿ ಎಲೆಗಳ ಮೇಲೆ ತಿಳಿನೀಲಿ ಕಲೆ ಕಾಣಿಸುತ್ತದೆ. ತುಕ್ಕು ರೋಗಕ್ಕೆ ಬೋರ್ಡೋ ಹೊಡೆದ ಗುರುತು ಅದು. ಬೋರ್ಡೋದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಪೋಷಕಾಂಶಕ್ಕೆ ಅಂತ ಜಿಂಕ್ ಸಲ್ಫೇಟ್ ಕೂಡ ಹೊಡೆಯುತ್ತಾರೆ. ಕಾಂಡಕೊರಕಕ್ಕೆ ಕೀಟನಾಶಕ ಬೇರೆ. ಜೂನ್‌ನಲ್ಲಿ ಜಡಿಮಳೆ ಹಿಡಿದರೆ ಇವುಗಳಲ್ಲಿ ಒಂದಿಷ್ಟು ತೊಳೆದುಹೋಗಿ ಹಳ್ಳ ಸೇರುತ್ತದೆ. ಹಳ್ಳದಿಂದ ಹೇಮಾವತಿಗೋ ಭದ್ರೆಗೋ ಹೋಗುತ್ತದೆ.

ಆ ನೀರನ್ನು ಪರೀಕ್ಷೆಗೆ ಕೊಟ್ಟರೆ ವರದಿ ಸಾಲುಸಾಲಾಗಿ ಬರುತ್ತದೆ. ತಾಮ್ರ ಇಷ್ಟು, ಮಿತಿಯೊಳಗೆ. ಸತು ಇಷ್ಟು, ಮಿತಿಯೊಳಗೆ. ಆದರೆ ಹಳ್ಳದಲ್ಲಿರುವ ಹುಳಕ್ಕೆ ತಾಮ್ರ ಬೇರೆ, ಸತು ಬೇರೆ ಅಂತಿಲ್ಲ. ಎಲ್ಲ ಸೇರಿದ ನೀರಿನಲ್ಲೇ ಅದು ಉಸಿರಾಡಬೇಕು. ಇನ್ನೊಂದು ವಿಷಯ: ಆ ಮಿತಿ ಹೆಚ್ಚಾಗಿ ನಮಗೋಸ್ಕರ ಮಾಡಿದ್ದು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಬೇರೆ ನೀರಿನ ಮೂಲ ಇಲ್ಲದಿದ್ದರೆ ಲೀಟರಿಗೆ 1.5 ಮಿ.ಗ್ರಾಂ ತಾಮ್ರದವರೆಗೆ ಒಪ್ಪುತ್ತಾರೆ. ಗಡಸುತನ ಕಡಿಮೆ ಇರುವ ನೀರಿನಲ್ಲಿ ನೀರು ಚಿಗಟ ಅನ್ನುವ ಸಣ್ಣ ಜೀವಿ ಈಜಲಾಗದೆ ಮಣಿಯೋಕೆ ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ಸಾಕು. ಒಂದು ಮಿ.ಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ ಅಲ್ವಾ, ಅಂತರ ಎಷ್ಟಿದೆ ನೋಡಿ.

ಚಿಕ್ಕಮಗಳೂರಿನಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ನೀರು ಚಿಗಟದ ಮರಿಗಳನ್ನು ವಿಷ ಬೆರೆತ ನೀರಿಗೆ ಬಿಟ್ಟು, ಎಷ್ಟು ಮರಿ ಈಜುವುದನ್ನು ನಿಲ್ಲಿಸುತ್ತವೆ ಅಂತ ಎಣಿಸಿದರೆ ಕೂಡುವಿಷ, ಅಂದರೆ ಹಲವು ವಿಷ ಸೇರಿದಾಗಿನ ಬಲ, ಗೊತ್ತಾಗುತ್ತದೆ. ಪ್ರಾಜೆಕ್ಟಿಗೆ ಅಂತ ಪ್ರತಿ ವರ್ಷ ಒಂದು ಗುಂಪು ಈ ಪರೀಕ್ಷೆ ಮಾಡುತ್ತದೆ. ದೊಡ್ಡ ಯಂತ್ರ ಬೇಕಿಲ್ಲ, ಆದರೆ ಸಹನೆ ಬೇಕು. ಎರಡು ವಿಷ ಬೆರೆಸುವ ಹಂತದಲ್ಲೇ ಜಾಸ್ತಿ ಜನ ಎಡವುತ್ತಾರೆ. ಅದಕ್ಕೆ ಆ ಭಾಗವನ್ನು ನಿಧಾನವಾಗಿ ಬರೆದಿದ್ದೇನೆ.

ಯಾವ ಜೀವಿ?

ಪುಸ್ತಕಗಳಲ್ಲಿ ಬರುವುದು ಡಾಫ್ನಿಯಾ ಮ್ಯಾಗ್ನಾ ಅನ್ನುವ ನೀರು ಚಿಗಟ. ಅದು ತಂಪು ದೇಶದ ಜೀವಿ. ನಮ್ಮ ಕೆರೆಗಳಲ್ಲಿ ಸುಲಭವಾಗಿ ಸಿಗುವುದು ಅದರ ಸಣ್ಣ ತಂಗಿ ಮೊಯಿನಾ. ದೊಡ್ಡದು ಅಂದರೂ ಸುಮಾರು 1 ಮಿ.ಮೀ. ಡಾಫ್ನಿಯಾಗೆ ಬಾಲದ ಹಾಗೆ ಒಂದು ಮುಳ್ಳಿರುತ್ತದೆ, ಮೊಯಿನಾಗೆ ಇರುವುದಿಲ್ಲ. ಅಲಂಕಾರಿಕ ಮೀನು ಸಾಕುವವರ ಹತ್ತಿರವೂ ಸಿಗುತ್ತದೆ. ಸ್ಥಳೀಯ ಜೀವಿಯನ್ನೇ ಬಳಸಿ ಅನ್ನುವುದು ನನ್ನ ಮಾತು. ನಾವು ಕೇಳುತ್ತಿರುವುದು ನಮ್ಮ ಹಳ್ಳದ ಬಗ್ಗೆ. ಹೊರಗಿನ ತಳಿ ತಂದು ಕೆರೆಗೆ ಬಿಟ್ಟುಬಿಡುವ ಅಪಾಯವೂ ಇರುವುದಿಲ್ಲ.

ಹಿಡಿಯೋಕೆ ಬೆಳಗಿನ ಜಾವ ಹೋಗಿ. ಹಸಿರು ನೀರಿರುವ, ಮೀನು ಕಡಿಮೆ ಇರುವ ಸಣ್ಣ ಹೊಂಡ ಒಳ್ಳೆಯದು. ಸೊಳ್ಳೆ ಪರದೆಯ ತೂತು ದೊಡ್ಡದಾಯಿತು. ಕಾಫಿ ಸೋಸುವ ಬಟ್ಟೆಯನ್ನು ತಂತಿಗೆ ಹೊಲಿದರೆ ಚೆನ್ನಾಗಿ ಬಲೆಯಾಗುತ್ತದೆ.

ತಂದ ಮೇಲೆ ಒಂದೇ ಒಂದು ಹೆಣ್ಣನ್ನು ಬೇರೆ ಮಾಡಿ. ಗಂಡಿಲ್ಲದೆಯೇ ಅದು ಮರಿ ಹಾಕುತ್ತದೆ. ಮರಿಗಳೆಲ್ಲ ತಾಯಿಯ ಪಡಿಯಚ್ಚು. ಹೀಗೆ ಒಂದೇ ತಾಯಿಯಿಂದ ಬೆಳೆಸಿದ ಸಂತತಿಯಲ್ಲಿ ಪ್ರತಿ ಜೀವಿಯ ತಾಳಿಕೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹಸಿರು ನೀರು ಹಾಕಿ ಸಾಕಬಹುದು, ಇಲ್ಲವೇ ಬೇಕರಿ ಯೀಸ್ಟ್ ಕದಡಿ ಹಾಕಬಹುದು. ನೀರು ತುಸು ಮಬ್ಬಾಗಬೇಕು, ಮಾರನೇ ದಿನಕ್ಕೆ ತಿಳಿಯಾಗಬೇಕು. ಅಷ್ಟೇ ಅಳತೆ. ಜಾಸ್ತಿ ಹಾಕಿದರೆ ಕೊಳೆತು ಎಲ್ಲ ಸಾಯುತ್ತವೆ. ಬೆನ್ನಿನ ಮೇಲೆ ತಡಿ ಹಾಕಿದಂತೆ ಕಪ್ಪು ಗುರುತಿರುವ ಹೆಣ್ಣುಗಳು ಕಂಡರೆ ಹೊಟ್ಟೆಗೆ ಸಾಲುತ್ತಿಲ್ಲ ಅಥವಾ ಇಕ್ಕಟ್ಟಾಗಿದೆ ಅಂತ ಅರ್ಥ. ಅದು ಕಷ್ಟಕಾಲಕ್ಕೆ ಇಡುವ ಮೊಟ್ಟೆ. ಅಂಥ ಸಾಕಣೆಯ ಮರಿಗಳನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡಿ.

ನೀರು ಮತ್ತು ಪಾತ್ರೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಲ್ಲಿ ನೀರಿನ ಕ್ಲೋರಿನ್ ಮೊಯಿನಾಗೆ ವಿಷ. ಮಲೆನಾಡಿನ ಹಳ್ಳದ ನೀರಿನಲ್ಲಿ ಗಡಸುತನ ಕಡಿಮೆ. ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಗಡಸು. ಒಂದೇ ಪ್ರಮಾಣದ ತಾಮ್ರ ಮೆದು ನೀರಿನಲ್ಲಿ ಜಾಸ್ತಿ ಕೊಲ್ಲುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಜೀವಿಯ ಮೈಮೇಲೆ ತಾಮ್ರ ಕೂರುವ ಜಾಗವನ್ನು ತಾನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಯಾವ ನೀರಿನಲ್ಲಿ ಪರೀಕ್ಷೆ ಮಾಡಿದಿರಿ ಅಂತ ಹೇಳದೆ ಬರೀ ತಾಮ್ರದ ಸಂಖ್ಯೆ ಕೊಟ್ಟರೆ ಅದಕ್ಕೆ ಅರ್ಥವಿಲ್ಲ.

ಮೆದು ನೀರನ್ನು ನೀವೇ ಮಾಡಿಕೊಳ್ಳಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಬೈಕಾರ್ಬನೇಟ್ 48 ಮಿ.ಗ್ರಾಂ, ನೀರಿನಂಶ ಇರುವ ಕ್ಯಾಲ್ಸಿಯಂ ಸಲ್ಫೇಟ್ 30 ಮಿ.ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 30 ಮಿ.ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 2 ಮಿ.ಗ್ರಾಂ. ಇಷ್ಟು ಹಾಕಿದರೆ ಗಡಸುತನ ಲೀಟರಿಗೆ 40ರಿಂದ 48 ಮಿ.ಗ್ರಾಂ, ಪಿಎಚ್ 7.2ರಿಂದ 7.6ರ ಆಸುಪಾಸು ಬರುತ್ತದೆ. ಎಲ್ಲವನ್ನೂ ದುಪ್ಪಟ್ಟು ಮಾಡಿದರೆ ಸಾಧಾರಣ ಗಡಸು ನೀರು. ಅಕ್ವೇರಿಯಂ ಪಂಪಿನಿಂದ ಒಂದು ದಿನ ಗಾಳಿ ಬಿಡಿ. ಆಮೇಲೆ ಬಳಸಿ. ಸಾಕಣೆಯನ್ನೂ ಕೆಲವು ಪೀಳಿಗೆ ಇದೇ ನೀರಿನಲ್ಲಿ ನಡೆಸಿ ಒಗ್ಗಿಸಿ.

ಗಾಜಿನ ಸಾಮಾನನ್ನು ಶೇ. 10ರ ನೈಟ್ರಿಕ್ ಆಮ್ಲದಲ್ಲಿ ನೆನೆಸಿಟ್ಟು, ಡಿಸ್ಟಿಲ್ಡ್ ವಾಟರಿನಲ್ಲಿ ಹಲವು ಸಲ ತೊಳೆಯಿರಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಸೋಪಿನ ಅಂಶ ಉಳಿದರೆ ಅದೇ ಒಂದು ವಿಷ.

ಒಂದು ವರ್ಷ ನಮ್ಮ ಕಂಟ್ರೋಲ್ ಮರಿಗಳೆಲ್ಲ ರಾತ್ರೋರಾತ್ರಿ ಸತ್ತವು. ಯಾವ ವಿಷವನ್ನೂ ಹಾಕದ ಟ್ಯೂಬುಗಳವು. "ಸರ್, ಸಂಜೆ ಚೆನ್ನಾಗೇ ಇದ್ವು, ಬೆಳಗ್ಗೆ ಒಂದೂ ಅಲ್ಲಾಡ್ತಿಲ್ಲ" ಅಂತ ಹುಡುಗಿ ಫೋನ್ ಮಾಡಿದಳು. ಎರಡು ದಿನ ಎಲ್ಲವನ್ನೂ ಹುಡುಕಿದೆವು. ಆ ಸಲ ಹಳ್ಳದ ನೀರನ್ನೇ ಸೋಸಿ ಬಳಸಿದ್ದೆವು. ಅದನ್ನು ಅವರ ಮನೆಯಲ್ಲಿ ತಾಮ್ರದ ಹಂಡೆಯಲ್ಲಿ ತುಂಬಿಟ್ಟಿದ್ದರು. ಚೊಕ್ಕಟವಾಗಿ ಹುಣಸೆಹಣ್ಣು ಹಾಕಿ ತಿಕ್ಕಿದ ಹಂಡೆ. ನಮ್ಮ ಮೆದು ನೀರು ತಾಮ್ರವನ್ನು ಬೇಗ ಕರಗಿಸಿಕೊಳ್ಳುತ್ತದೆ. ಅವತ್ತಿನಿಂದ ನೀರು ತರುವ ಪಾತ್ರೆ ಯಾವುದು ಅಂತ ರಿಜಿಸ್ಟರಿನಲ್ಲಿ ಮೊದಲ ಸಾಲಿನಲ್ಲೇ ಬರೆಸುತ್ತೇನೆ. ತಾಮ್ರ, ಹಿತ್ತಾಳೆ, ಸತು ಬಳಿದ ಬಕೆಟ್ ಯಾವುದೂ ಬೇಡ. ತೋಟದಲ್ಲಿ ಔಷಧಿ ಕಲಸಿದ ಡ್ರಮ್ಮಂತೂ ಎಷ್ಟು ತೊಳೆದರೂ ಬೇಡ.

ಮೊದಲು ಒಂದೊಂದನ್ನೇ ಅಳೆಯಿರಿ

ನೇರವಾಗಿ ಮಿಶ್ರಣಕ್ಕೆ ಕೈ ಹಾಕಬೇಡಿ. ಪ್ರತಿ ವಿಷದ ಇಸಿ-50 ಮೊದಲು ಗೊತ್ತಿರಬೇಕು. ಅಂದರೆ ನಿಗದಿತ ಸಮಯದಲ್ಲಿ ಅರ್ಧದಷ್ಟು ಜೀವಿಗಳನ್ನು ಅಲ್ಲಾಡದಂತೆ ಮಾಡುವ ಪ್ರಮಾಣ. ಬೇರೆಯವರ ಸಂಖ್ಯೆ ಎತ್ತಿಕೊಳ್ಳುವ ಹಾಗಿಲ್ಲ. ನಿಮ್ಮ ನೀರು, ನಿಮ್ಮ ತಳಿ ಬೇರೆ.

ಹೊಸಬರು ತಾಮ್ರ ಮತ್ತು ಸತುವಿನಿಂದ ಶುರು ಮಾಡಿ. ಕೀಟನಾಶಕ ಬೇಡ. ಅದು ಕೈಗೂ ಅಪಾಯ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಲೆಕ್ಕವನ್ನೂ ಕೆಡಿಸುತ್ತದೆ.

ಮೂಲ ದ್ರಾವಣ ಹೀಗೆ. ಲ್ಯಾಬಿನ ಶುದ್ಧ ಕಾಪರ್ ಸಲ್ಫೇಟ್ ನೀಲಿ ಹರಳು 393 ಮಿ.ಗ್ರಾಂ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ. ಹರಳಿನ ತೂಕದಲ್ಲಿ ತಾಮ್ರ ಕಾಲು ಭಾಗದಷ್ಟೇ, ಹಾಗಾಗಿ ಲೀಟರಿಗೆ 100 ಮಿ.ಗ್ರಾಂ ತಾಮ್ರ ಸಿಗುತ್ತದೆ. ಏಳು ನೀರಿನಣು ಇರುವ ಜಿಂಕ್ ಸಲ್ಫೇಟ್ 440 ಮಿ.ಗ್ರಾಂ ಕರಗಿಸಿದರೆ ಲೀಟರಿಗೆ 100 ಮಿ.ಗ್ರಾಂ ಸತು. ಅಂಗಡಿಯ ಮೈಲುತುತ್ತ ಬೇಡ, ಅದರ ಶುದ್ಧತೆ ನಿಮಗೆ ಗೊತ್ತಿರುವುದಿಲ್ಲ.

ಮೊದಲು ಒರಟಾಗಿ ಹತ್ತು ಪಟ್ಟಿನ ಅಂತರದಲ್ಲಿ ನೋಡಿ: ಲೀಟರಿಗೆ 1, 10, 100, 1000 ಮೈಕ್ರೋಗ್ರಾಂ. ಎಲ್ಲಿ ಯಾವುದೂ ಸಾಯಲಿಲ್ಲ, ಎಲ್ಲಿ ಎಲ್ಲವೂ ಸತ್ತವು ಗೊತ್ತಾಗುತ್ತದೆ. ಆಮೇಲೆ ಆ ನಡುವೆ ಎರಡು ಪಟ್ಟಿನ ಅಂತರದಲ್ಲಿ ಐದು ಪ್ರಮಾಣ ಇಡಿ. ಡಾಫ್ನಿಯಾ ಪರೀಕ್ಷೆಯ ಅಂತರರಾಷ್ಟ್ರೀಯ ವಿಧಾನದಲ್ಲಿ 2.2 ಪಟ್ಟಿಗಿಂತ ಜಾಸ್ತಿ ಅಂತರ ಇರಬಾರದು ಅಂತಿದೆ. ಪ್ರತಿ ಪ್ರಮಾಣಕ್ಕೆ ಕನಿಷ್ಠ 20 ಮರಿ, ಐದೈದರಂತೆ ನಾಲ್ಕು ಟ್ಯೂಬ್. ಪ್ರತಿ ಟ್ಯೂಬಿಗೆ 20 ಮಿ.ಲೀ. ದ್ರಾವಣ. ಜೊತೆಗೆ ಬರೀ ನೀರಿನ ಕಂಟ್ರೋಲ್ ನಾಲ್ಕು ಟ್ಯೂಬ್.

ಮರಿಗಳ ವಯಸ್ಸು 24 ಗಂಟೆಗಿಂತ ಕಡಿಮೆ ಇರಬೇಕು. ಹಿಂದಿನ ದಿನ ಸಂಜೆ ಮರಿಚೀಲ ತುಂಬಿದ ಹೆಣ್ಣುಗಳನ್ನು ಹೊಸ ನೀರಿಗೆ ಬಿಡಿ. ಬೆಳಗ್ಗೆ ಅಲ್ಲಿ ಸಿಗುವ ಮರಿಗಳೆಲ್ಲ ರಾತ್ರಿ ಹುಟ್ಟಿದವು.

ಈಗ ಮರಿಯನ್ನು ಸಾಗಿಸುವ ಕೆಲಸ. ಇದನ್ನು ಕಣ್ಣಾರೆ ನೋಡಿ ಕಲಿಯಬೇಕು, ಆದರೂ ಬರೆಯುತ್ತೇನೆ. ಡ್ರಾಪರಿನ ತುದಿ ಮರಿಗಿಂತ ಸಾಕಷ್ಟು ಅಗಲ ಇರಲಿ. ಕಪ್ಪು ಕಾಗದದ ಮೇಲೆ ಗಾಜಿನ ತಟ್ಟೆ ಇಟ್ಟು, ಪಕ್ಕದಿಂದ ಟಾರ್ಚ್ ಬಿಡಿ. ಬಿಳಿ ಚುಕ್ಕೆಗಳು ಬೆಳಕಿನಲ್ಲಿ ಕುಪ್ಪಳಿಸುತ್ತವೆ. ಒಂದನ್ನು ಒಂದು ಹನಿ ನೀರಿನ ಜೊತೆ ಎಳೆದುಕೊಳ್ಳಿ. ಟ್ಯೂಬಿನಲ್ಲಿ ಡ್ರಾಪರಿನ ತುದಿಯನ್ನು ನೀರಿನೊಳಗೆ ಮುಳುಗಿಸಿ, ಆಮೇಲೆ ಬಿಡಿ. ಮೇಲಿಂದ ಹನಿ ಹಾಕಿದರೆ ಚಿಪ್ಪಿನ ಒಳಗೆ ಗಾಳಿಗುಳ್ಳೆ ಸೇರಿ ಮರಿ ಮೇಲ್ಮೈಯಲ್ಲೇ ತೇಲುತ್ತದೆ. ಕಾಲು ಬಡಿಯುತ್ತದೆ, ಕೆಳಗಿಳಿಯಲಾರದು. ಅದು ವಿಷದಿಂದ ಅಲ್ಲ, ನಮ್ಮ ಕೈಯಿಂದ ಸಾಯುತ್ತದೆ. ಮರಿಯ ಜೊತೆ ಹೋಗುವ ನೀರು ಆದಷ್ಟು ಕಡಿಮೆ ಇರಲಿ, ಇಲ್ಲದಿದ್ದರೆ ದ್ರಾವಣ ತೆಳುವಾಗುತ್ತದೆ.

ಪರೀಕ್ಷೆಯ ಅವಧಿಯಲ್ಲಿ ಆಹಾರ ಕೊಡುವಂತಿಲ್ಲ. ಡಾಫ್ನಿಯಾಗೆ 48 ಗಂಟೆ ಅಂತಿದೆ. ಮೊಯಿನಾ ಚಿಕ್ಕದು, ಹಸಿವು ತಡೆಯುವುದು ಕಷ್ಟ. ಅದಕ್ಕೆ ನಾವು 24 ಗಂಟೆಯ ಎಣಿಕೆಯನ್ನೇ ಮುಖ್ಯವಾಗಿ ಹಿಡಿಯುತ್ತೇವೆ. ಕಂಟ್ರೋಲ್ ತಡೆದುಕೊಂಡಿದ್ದರೆ ಮಾತ್ರ 48ರದ್ದನ್ನೂ ಬರೆಯುತ್ತೇವೆ. ಟ್ಯೂಬುಗಳನ್ನು ಸಾಲಾಗಿ ಪ್ರಮಾಣದ ಪ್ರಕಾರ ಇಡಬೇಡಿ. ಚೀಟಿ ಎತ್ತಿ ಜಾಗ ಹಂಚಿ. ಕಿಟಕಿ ಪಕ್ಕದ್ದಕ್ಕೆ ಬಿಸಿಲು, ಗೋಡೆ ಪಕ್ಕದ್ದಕ್ಕೆ ತಂಪು ಅಂತಾದರೆ ನೀವು ಅಳೆದದ್ದು ಕಿಟಕಿಯನ್ನು.

ಎಣಿಸುವುದು

ಟ್ಯೂಬನ್ನು ಮೆಲ್ಲಗೆ ಒಮ್ಮೆ ತಿರುಗಿಸಿ, 15 ಸೆಕೆಂಡ್ ನೋಡಿ. ಅಷ್ಟರಲ್ಲಿ ಈಜದಿದ್ದರೆ 'ಅಚಲ' ಅಂತ ಬರೆಯಿರಿ. ತಳದಲ್ಲಿ ಮಲಗಿ ಮೀಸೆ ಮಾತ್ರ ಅಲ್ಲಾಡಿಸುತ್ತಿದ್ದರೂ ಅಚಲವೇ. ಇಲ್ಲಿ ಮನಸ್ಸು ಕರಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಹೃದಯ ಇನ್ನೂ ಬಡಿಯುತ್ತಿರುವುದು ಬೆನ್ನಿನ ಹತ್ತಿರ ಸ್ಪಷ್ಟವಾಗಿ ಕಾಣುತ್ತದೆ. 'ಬದುಕಿದೆ ಸರ್' ಅನ್ನುತ್ತಾರೆ ಮಕ್ಕಳು. ಹೌದು, ಬದುಕಿದೆ. ಆದರೆ ಕೆರೆಯಲ್ಲಿ ಈಜಲಾಗದ ಮೊಯಿನಾ ಮೇಯಲಾರದು, ಮೀನಿನಿಂದ ತಪ್ಪಿಸಿಕೊಳ್ಳಲಾರದು. ಅದಕ್ಕೇ ಸಾವನ್ನಲ್ಲ, ಚಲನೆಯನ್ನು ಎಣಿಸುತ್ತೇವೆ.

ಎಣಿಸುವವರಿಗೆ ಯಾವ ಟ್ಯೂಬಿನಲ್ಲಿ ಏನಿದೆ ಅಂತ ಗೊತ್ತಿರಬಾರದು. ಕೊನೆಯಲ್ಲಿ ಪಿಎಚ್ ಮತ್ತು ಕರಗಿದ ಆಮ್ಲಜನಕ ಅಳೆಯಿರಿ. ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂಗಿಂತ ಕೆಳಗೆ ಹೋಗಿದ್ದರೆ, ಅಥವಾ ಕಂಟ್ರೋಲಿನಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಅಚಲವಾಗಿದ್ದರೆ ಪರೀಕ್ಷೆ ಲೆಕ್ಕಕ್ಕಿಲ್ಲ. ಪುನಃ ಮಾಡಿ. 20ರಲ್ಲಿ 3 ಹೋದರೂ ಪುನಃ ಮಾಡಿ. ಅಲ್ಲಿ ರಿಯಾಯಿತಿ ಇಲ್ಲ.

ಬೆರೆಸುವುದು: ತೂಕಕ್ಕೆ ಸಮ ಅಲ್ಲ, ಬಲಕ್ಕೆ ಸಮ

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ನಿಮ್ಮ ಪರೀಕ್ಷೆಯಲ್ಲಿ ತಾಮ್ರದ ಇಸಿ-50 ಲೀಟರಿಗೆ 40 ಮೈಕ್ರೋಗ್ರಾಂ ಬಂತು, ಸತುವಿನದು 800 ಬಂತು. ಈಗ ಎರಡನ್ನೂ ಬೆರೆಸಬೇಕು. ಹೇಗೆ?

ಸಾಮಾನ್ಯವಾಗಿ ಬರುವ ಉತ್ತರ: ಅರ್ಧ ಅರ್ಧ. ತಲಾ 40 ಮೈಕ್ರೋಗ್ರಾಂ ಹಾಕಿಬಿಡುತ್ತಾರೆ. ಆಗ ಏನಾಯಿತು? ತಾಮ್ರ ತನ್ನ ಪೂರ್ತಿ ಬಲದಲ್ಲಿದೆ, ಸತು ಇಪ್ಪತ್ತನೇ ಒಂದು ಭಾಗದ ಬಲದಲ್ಲಿದೆ. ಹೆಸರಿಗೆ ಮಿಶ್ರಣ, ನಿಜವಾಗಿ ತಾಮ್ರದ ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿದಂತಾಯಿತು. ಫಲಿತಾಂಶ ನೋಡಿ 'ಸತುವಿನಿಂದ ಏನೂ ಆಗಲಿಲ್ಲ' ಅಂತ ಬರೆದರೆ ಅದು ತಪ್ಪು ಮಾತು. ಸತುವಿಗೆ ಅವಕಾಶವನ್ನೇ ಕೊಟ್ಟಿಲ್ಲ.

ಇದಕ್ಕೆ ಟಾಕ್ಸಿಕ್ ಯೂನಿಟ್ ಅನ್ನುವ ಅಳತೆ ಇದೆ. ವಿಷದ ಪ್ರಮಾಣವನ್ನು ಅದರದ್ದೇ ಇಸಿ-50ಯಿಂದ ಭಾಗಿಸಿ. 40 ಮೈಕ್ರೋಗ್ರಾಂ ತಾಮ್ರ ಅಂದರೆ 1 ಯೂನಿಟ್. 800 ಮೈಕ್ರೋಗ್ರಾಂ ಸತುವೂ 1 ಯೂನಿಟ್. ಸಾಸಿವೆಗೂ ಕುಂಬಳಕಾಯಿಗೂ ಒಂದೇ ತಕ್ಕಡಿ ಸಿಕ್ಕ ಹಾಗೆ. ಈಗ ಅವನ್ನು ಕೂಡಿಸಬಹುದು. 20 ಮೈಕ್ರೋಗ್ರಾಂ ತಾಮ್ರ 0.5, 400 ಮೈಕ್ರೋಗ್ರಾಂ ಸತು 0.5, ಒಟ್ಟು 1 ಯೂನಿಟ್. ಎರಡೂ ವಿಷ ಬರೀ ಕೂಡಿಕೊಂಡು ಕೆಲಸ ಮಾಡುತ್ತವೆ ಅನ್ನುವುದಾದರೆ ಈ 1 ಯೂನಿಟ್ ಅರ್ಧದಷ್ಟು ಮರಿಗಳನ್ನು ಮಣಿಸಬೇಕು. ಈ ಯೋಚನೆಯನ್ನು ಲೋವೆ ಮತ್ತು ಮುಯಿಶ್ನೆಕ್ ಅನ್ನುವ ವಿಜ್ಞಾನಿಗಳು 1926ರಲ್ಲೇ ಮುಂದಿಟ್ಟರು.

ನಿಮ್ಮ ಮಿಶ್ರಣದ ಸರಣಿ 0.25, 0.5, 1, 2, 4 ಯೂನಿಟ್ ಇರಲಿ. ಅತಿ ಹೆಚ್ಚಿನದನ್ನು, ಅಂದರೆ 4 ಯೂನಿಟ್ಟಿನದನ್ನು, ಮೊದಲು ಮಾಡಿ. ಅದರಲ್ಲಿ ಲೀಟರಿಗೆ ತಾಮ್ರ 80, ಸತು 1600 ಮೈಕ್ರೋಗ್ರಾಂ ಬೇಕು. ತಾಮ್ರದ ಮೂಲ ದ್ರಾವಣವನ್ನು ಮೊದಲು ಹತ್ತು ಪಟ್ಟು ತೆಳು ಮಾಡಿ. ಅದರಿಂದ 4 ಮಿ.ಲೀ., ಸತುವಿನ ಮೂಲ ದ್ರಾವಣದಿಂದ 8 ಮಿ.ಲೀ. ತೆಗೆದು, ಮೆದು ನೀರು ಸೇರಿಸಿ ಸರಿಯಾಗಿ 500 ಮಿ.ಲೀ. ಮಾಡಿ. ಇದರಲ್ಲಿ 250 ಮಿ.ಲೀ. ತೆಗೆದು ಅಷ್ಟೇ ಮೆದು ನೀರು ಸೇರಿಸಿದರೆ 2 ಯೂನಿಟ್. ಹೀಗೇ ಅರ್ಧರ್ಧ ಮಾಡುತ್ತಾ ಇಳಿಯಿರಿ. ಎಷ್ಟೇ ತೆಳು ಮಾಡಿದರೂ ತಾಮ್ರ ಮತ್ತು ಸತುವಿನ ಬಲದ ಅನುಪಾತ ಬದಲಾಗುವುದಿಲ್ಲ. ಈ ವಿಧಾನದ ಅನುಕೂಲ ಅದೇ.

ಅದೇ ದಿನ, ಅದೇ ತಾಯಂದಿರ ಮರಿಗಳಿಂದ ತಾಮ್ರದ್ದೊಂದು, ಸತುವಿನದೊಂದು ಪರೀಕ್ಷೆಯನ್ನೂ ಜೊತೆಗೇ ಇಡಿ. ಕೆಲಸ ಜಾಸ್ತಿ, ಗೊತ್ತು. ಮೂರು ಸರಣಿಗೆ 300 ಮರಿ, ಕಂಟ್ರೋಲಿಗೆ 20. ಆದರೆ ಹೋದ ತಿಂಗಳ ಇಸಿ-50ಯನ್ನು ಈ ತಿಂಗಳ ಮಿಶ್ರಣಕ್ಕೆ ಹೋಲಿಸಿದರೆ, ಕಂಡ ವ್ಯತ್ಯಾಸ ಮಿಶ್ರಣದ್ದೋ ತಿಂಗಳಿನದ್ದೋ ಹೇಳಲಾಗುವುದಿಲ್ಲ.

ಲೆಕ್ಕ ಓದುವುದು

ಇನ್ನೊಂದು ಉದಾಹರಣೆಯ ಲೆಕ್ಕ. 1 ಯೂನಿಟ್ಟಿನಲ್ಲಿ 20ಕ್ಕೆ 6, 2 ಯೂನಿಟ್ಟಿನಲ್ಲಿ 20ಕ್ಕೆ 14 ಅಚಲವಾದವು ಅನ್ನಿ. ಶೇ. 30 ಮತ್ತು ಶೇ. 70. ಶೇ. 50 ಇವೆರಡರ ನಟ್ಟನಡುವೆ ಬರುತ್ತದೆ. ಪ್ರಮಾಣವನ್ನು ಲಾಗ್ ಅಳತೆಯಲ್ಲಿ, ಅಂದರೆ ಪ್ರತಿ ದುಪ್ಪಟ್ಟನ್ನೂ ಒಂದೇ ಅಳತೆಯ ಹೆಜ್ಜೆ ಅಂತ ಹಿಡಿಯುವುದರಿಂದ 1 ಮತ್ತು 2ರ ನಡು ಅಂದರೆ 1.5 ಅಲ್ಲ, ಎರಡರ ವರ್ಗಮೂಲ, ಸುಮಾರು 1.4. ನಿರೀಕ್ಷೆ 1, ಬಂದದ್ದು 1.4. ನಿರೀಕ್ಷೆಯನ್ನು ಬಂದದ್ದರಿಂದ ಭಾಗಿಸಿದರೆ ಸುಮಾರು 0.7. ಈ ಸಂಖ್ಯೆ 0.5ರಿಂದ 2ರ ಒಳಗಿದ್ದರೆ ಬರೀ ಕೂಡಿಕೆ ಅನ್ನುವುದು ರೂಢಿ. 2ಕ್ಕಿಂತ ಜಾಸ್ತಿಯಾದರೆ ಒಂದು ಇನ್ನೊಂದಕ್ಕೆ ಕುಮ್ಮಕ್ಕು ಕೊಡುತ್ತಿದೆ. 0.5ಕ್ಕಿಂತ ಕಡಿಮೆಯಾದರೆ ಒಂದು ಇನ್ನೊಂದನ್ನು ತಡೆಯುತ್ತಿದೆ. ನಮ್ಮ 0.7 ನೋಡಿ 'ತಡೆಯುತ್ತಿದೆ' ಅಂತ ಬರೆಯಬೇಡಿ. 20 ಮರಿಗಳ ಪರೀಕ್ಷೆಯಲ್ಲಿ ಅಷ್ಟು ಏರುಪೇರು ಸಹಜ. ಪೂರ್ತಿ ಗೆರೆ ಎಳೆದು, ಅಂದಾಜು ಎಷ್ಟು ಅಲುಗಾಡಬಹುದು ಅಂತಲೂ ತಿಳಿಯಬೇಕಾದರೆ 'ಆರ್' ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಡಿಆರ್‌ಸಿ ಪ್ಯಾಕೇಜ್ ಬಳಸಿ.

ಎರಡು ವಿಷಗಳ ಕೆಲಸದ ದಾರಿಯೇ ಬೇರೆಯಾಗಿದ್ದರೆ ಇನ್ನೊಂದು ಲೆಕ್ಕವನ್ನೂ ಹಾಕಿ. 1939ರಲ್ಲಿ ಬ್ಲಿಸ್ ಅನ್ನುವ ವಿಜ್ಞಾನಿ ಕೊಟ್ಟದ್ದು. ಮೊದಲ ವಿಷ ನೂರಕ್ಕೆ 30 ಮರಿಗಳನ್ನು ಮಣಿಸುತ್ತದೆ, ಉಳಿದದ್ದು 70. ಎರಡನೆಯದು ಆ 70ರಲ್ಲಿ ಶೇ. 20ನ್ನು, ಅಂದರೆ 14ನ್ನು ಮಣಿಸುತ್ತದೆ. ಒಟ್ಟು ನಿರೀಕ್ಷೆ 44, 50 ಅಲ್ಲ. ಯಾವ ಲೆಕ್ಕ ಹಿಡಿದಿರಿ ಅಂತ ವರದಿಯಲ್ಲಿ ಬರೆಯಲೇಬೇಕು.

ಕುಮ್ಮಕ್ಕಿನ ಒಂದು ನಿಜವಾದ ಉದಾಹರಣೆ ನಮ್ಮ ತೋಟಗಳಿಗೂ ಹತ್ತಿರದ್ದು. ಪ್ರೊಪಿಕೊನಜೋಲ್ ತುಕ್ಕು ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕ. ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕವನ್ನು ಡಾಫ್ನಿಯಾ ತನ್ನ ದೇಹದೊಳಗೆ ಕಿಣ್ವಗಳಿಂದ ಒಡೆದು ಹೊರಹಾಕುತ್ತದೆ. ಪ್ರೊಪಿಕೊನಜೋಲ್ ಆ ಕಿಣ್ವಗಳನ್ನೇ ಕಟ್ಟಿಹಾಕುತ್ತದೆ. ಆಗ ಕೀಟನಾಶಕ ಒಳಗೇ ಉಳಿದು ಜಾಸ್ತಿ ಕೊಲ್ಲುತ್ತದೆ. ಶಿಲೀಂಧ್ರನಾಶಕದ ಪ್ರಮಾಣ ಒಂಟಿಯಾಗಿ ಏನೂ ಮಾಡದಷ್ಟಿದ್ದರೂ ಹೀಗಾಗಬಹುದು.

ಹಳ್ಳದ ನೀರನ್ನೇ ತಂದಾಗ

ಇಲ್ಲಿ ಮಿಶ್ರಣ ಆಗಲೇ ಆಗಿಬಿಟ್ಟಿದೆ, ಒಳಗೇನಿದೆ ಗೊತ್ತಿಲ್ಲ. ತೋಟದ ಮೇಲ್ಗಡೆಯಿಂದ ಒಂದು, ಕೆಳಗಡೆಯಿಂದ ಒಂದು ಮಾದರಿ ತನ್ನಿ. ಗಾಜಿನ ಬಾಟಲಿ, ಕುತ್ತಿಗೆವರೆಗೂ ತುಂಬಿ, ಐಸ್ ಡಬ್ಬಿಯಲ್ಲಿ. ಬೇಲೂರಿನ ಕಡೆ ಯಗಚಿಯ ಹಳ್ಳವಾದರೂ ಸರಿ, ಮೂಡಿಗೆರೆಯಲ್ಲಿ ಹೇಮಾವತಿಗೆ ಸೇರುವ ತೋಡಾದರೂ ಸರಿ, ಕ್ರಮ ಒಂದೇ. ಮೆದು ನೀರು ಬೆರೆಸಿ ಶೇ. 100, 50, 25, 12.5, 6.25 ಮಾಡಿ. ಶೇ. 25ರಲ್ಲಿ ಅರ್ಧ ಮಣಿದರೆ 100 ಭಾಗ 25, ಅಂದರೆ ಆ ನೀರಿನಲ್ಲಿ 4 ಯೂನಿಟ್ ವಿಷವಿದೆ.

ಪಲ್ಪಿಂಗ್ ಕಾಲದಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಕಾಲದಲ್ಲಿ, ಜಾಗ್ರತೆ. ಪಲ್ಪರ್ ನೀರು ಹುಳಿ, ಅದರಲ್ಲಿ ಕೊಳೆಯುವ ಸಕ್ಕರೆ ಜಾಸ್ತಿ, ಆಮ್ಲಜನಕ ಬೇಗ ಮುಗಿಯುತ್ತದೆ. ಮರಿಗಳು ಉಸಿರುಕಟ್ಟಿ ಸತ್ತರೆ ಅದನ್ನು ತಾಮ್ರದ ಲೆಕ್ಕಕ್ಕೆ ಬರೆಯಬಾರದು. ಹಾಗಾಗಿ ಮಾದರಿಯನ್ನು ಪಾಲು ಮಾಡಿ. ಒಂದು ಪಾಲು ಹಾಗೇ ಇರಲಿ. ಇನ್ನೊಂದಕ್ಕೆ ಗಾಳಿ ಬಿಟ್ಟು, ಪಿಎಚ್ 7ರ ಹತ್ತಿರಕ್ಕೆ ತನ್ನಿ. ಮೂರನೆಯದನ್ನೂ ಹಾಗೇ ಸರಿಪಡಿಸಿ, ಸ್ವಲ್ಪ ಇಡಿಟಿಎ ಸೇರಿಸಿ. ಇಡಿಟಿಎ ತಾಮ್ರ, ಸತುವನ್ನು ಹಿಡಿದಿಟ್ಟುಕೊಂಡು ಜೀವಿಗೆ ಸಿಗದಂತೆ ಮಾಡುತ್ತದೆ. ಮೂರನೇ ಪಾಲಿನಲ್ಲಿ ಮಾತ್ರ ಮರಿಗಳು ಬದುಕಿದರೆ ಅನುಮಾನ ಲೋಹದ ಮೇಲೆ. ಎರಡನೆಯದರಲ್ಲೇ ಬದುಕಿದರೆ ತೊಂದರೆ ಹುಳಿಯದ್ದು ಅಥವಾ ಆಮ್ಲಜನಕದ್ದು. ಮೂರರಲ್ಲೂ ಸತ್ತರೆ ಕೀಟನಾಶಕವಿರಬಹುದು, ಆಗ ಒಳ್ಳೆಯ ಲ್ಯಾಬಿಗೆ ಕಳಿಸಬೇಕು. ಇಡಿಟಿಎ ಅತಿಯಾದರೆ ಕ್ಯಾಲ್ಸಿಯಮ್ಮನ್ನೂ ಹಿಡಿದು ತಾನೇ ವಿಷವಾಗುತ್ತದೆ. ಅದಕ್ಕೆ ಶುದ್ಧ ಮೆದು ನೀರಿಗೂ ಅಷ್ಟೇ ಇಡಿಟಿಎ ಹಾಕಿದ ಒಂದು ಕಂಟ್ರೋಲ್ ಇಡಿ.

ಪರೀಕ್ಷೆ ಮುಗಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ಅದು ಹೋಗುವುದೂ ಯಾವುದೋ ಹಳ್ಳಕ್ಕೇ. ತಾಮ್ರ, ಸತುವಿನ ದ್ರಾವಣವನ್ನು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಡಿ. ಇಡಿಟಿಎ ಹಾಕಿದ್ದನ್ನು ಬೇರೆ ಕ್ಯಾನಿನಲ್ಲಿಡಿ, ಅದು ಲೋಹವನ್ನು ತಳಕ್ಕಿಳಿಯಲು ಬಿಡುವುದಿಲ್ಲ. ಡ್ರಮ್ ತುಂಬಿದಾಗ ಸುಣ್ಣದ ತಿಳಿ ಹಾಕಿ ಪಿಎಚ್ 9ರಿಂದ 10ಕ್ಕೆ ಏರಿಸಿ, ರಾತ್ರಿಯಿಡೀ ಬಿಡಿ. ಲೋಹ ತಳಕ್ಕೆ ಗಸಿಯಾಗಿ ಇಳಿಯುತ್ತದೆ. ಆ ಗಸಿಯನ್ನು ಚೀಟಿ ಅಂಟಿಸಿದ ಡಬ್ಬಿಗೆ ಹಾಕಿ, ಕಾಲೇಜಿನ ರಾಸಾಯನಿಕ ತ್ಯಾಜ್ಯದ ಜೊತೆ ಕೊಡಿ. ಮೇಲಿನ ತಿಳಿನೀರನ್ನು ಚೆಲ್ಲುವ ಮೊದಲು ಪಿಎಚ್ ಅನ್ನು 7ರ ಹತ್ತಿರಕ್ಕೆ ಇಳಿಸಿ, ಅದರಲ್ಲಿ ಐದು ಮೊಯಿನಾ ಮರಿ ಬಿಟ್ಟು ನೋಡಿ. ಅವು ಈಜದಿದ್ದರೆ ಆ ನೀರೂ ತ್ಯಾಜ್ಯದ ಡಬ್ಬಿಗೇ ಹೋಗಲಿ.